ಶಿಷ್ಯರ ಸಾಕ್ಷ್ಯ

ಅಧ್ಯಾಪಕನ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಕಾಳಿದಾಸ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿಯೇ ಎತ್ತಿದ್ದಾನೆ. ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಾನು ಹೆಚ್ಚು, ತಾನು ಹೆಚ್ಚು ಎಂದು ವಾದಿಸುತ್ತ ದೊರೆಯ ಮುಂದೆ ಬಂದು ನಿಲ್ಲುತ್ತಾರೆ. ಪಂಡಿತೆಯಾದ ಪರಿವ್ರಾಜಿಕೆ ಮಧ್ಯಸ್ಥಳಾಗುತ್ತಾಳೆ. ಕೆಲವರಲ್ಲಿ ವಿದ್ಯೆ ತಮ್ಮಷ್ಟಕ್ಕೆ ಚೆನ್ನಾಗಿ ನೆಲೆಸಿರುತ್ತದೆ. ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿಯಿರುತ್ತದೆ. ಎರಡೂ ಕೂಡಿದ್ದವನನ್ನು ಶಿಕ್ಷಕರ ಮೊದಲ ಸಾಲಿನಲ್ಲಿ ಕೂರಿಸಬೇಕು. ಇದು ಆಕೆಯ ಮಾತಿನ ಸಾರ. ಆದ್ದರಿಂದ ಆಚಾರ್ಯರು ಕುಣಿಯಬೇಕಾಗಿಲ್ಲ, ಅವರು ಕಲಿಸಿದವರು ಕುಣಿಯಲಿ ಎಂದಾಗುತ್ತದೆ. ಗಣದಾಸನ ಶಿಷ್ಯೆ ಮಾಲವಿಕೆ ಬಂದು ಕುಣಿಯುತ್ತಾಳೆ, ದೊರೆ ಮೈಮರೆಯುತ್ತಾನೆ. ಹರದತ್ತನ ಸರದಿ ಬರುವ ಹೊತ್ತಿಗೆ ವೈತಾಳಿಕ ಮಧ್ಯಾಹ್ನವಾಯಿತೆಂದು ಸಾರಿಬಿಡುತ್ತಾನೆ. ಊಟದ ಹೊತ್ತು. ಹರದತ್ತನ ಪ್ರಯೋಗವನ್ನು ನಾವು ರಂಗದ ಮೇಲೆ ಕಾಣುವುದೇ ಇಲ್ಲ. ದೊರೆಗೆ ಬೇಕಾಗಿದ್ದುದು ಮಾಲವಿಕೆಯ ದರ್ಶನ, ಆಚಾರ್ಯರ ತಾರತಮ್ಯವಲ್ಲ. ಪರೀಕ್ಷಕನ ಮನಸ್ಸು ಬೇರೆಲ್ಲಿಯೋ ಇದ್ದಾಗ ನಡೆಯುವ ಪರೀಕ್ಷೆಯ ಚಿತ್ರ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿಯೂ ನನಗೆ ಸಿಕ್ಕಿಲ್ಲ.

ಗುರುವಿನ ಪರವಾಗಿ ಶಿಷ್ಯರು ಸಾಕ್ಷಿ ನುಡಿಯುವ ಸಂಪ್ರದಾಯ ನಮ್ಮಲ್ಲಿ ಹೊಸದಲ್ಲ. ನಮ್ಮ ಕಾಲೇಜುಗಳಲ್ಲಿ ಅದು ಬೀಳ್ಕೊಡುಗೆಯ ಸಮಾರಂಭವಾಗಿ, ಬಿನ್ನವತ್ತಳೆಯಾಗಿ, ಅಭಿನಂದನ ಗ್ರಂಥವಾಗಿ ಬೆಳೆದಿದೆ. ಬಿ.ಎಂ.ಶ್ರೀ. ಅವರಿಗೆ 1941ರಲ್ಲಿ ಅರ್ಪಿತವಾದ ‘ಸಂಭಾವನೆ’ಯಂತಹ ಗ್ರಂಥ ಸಾಹಿತ್ಯಕ್ಕೇ ಒಂದು ಆಸ್ತಿಯಾಯಿತು. ಆದರೆ ಎಲ್ಲ ಅಭಿನಂದನ ಗ್ರಂಥಗಳ ಮಾತನ್ನೂ ಹೀಗೆ ಹೇಳಲಾಗದು. ಹಾರ ತುರಾಯಿಗಳ ನಡುವೆ ಆಡಿದ ಮಾತಿಗೆ ಪಾಟೀಸವಾಲಿಲ್ಲ. ಇನ್ನೊಂದು ಕಡೆ, ಈಗ ಕಾಲೇಜುಗಳ ಮೌಲ್ಯಮಾಪನಕ್ಕೆ ತಂಡಗಳು ಬರುತ್ತವೆ; ವಿದ್ಯಾರ್ಥಿಗಳು ಅಧ್ಯಾಪಕರ ಬೋಧನೆಗೆ ಒಂದರಿಂದ ಐದರವರೆಗೆ ಅಂಕ ಹಾಕುತ್ತಾರೆ. ಹಾರವೂ ಸಾಕ್ಷ್ಯವೇ, ಅಂಕವೂ ಸಾಕ್ಷ್ಯವೇ. ಒಂದು ಅತಿ ತಡವಾಗಿ ಬರುತ್ತದೆ, ಇನ್ನೊಂದು ಅತಿ ಬೇಗ. ಈ ಎರಡರ ನಡುವೆ ನಿಜವಾದ ಸಾಕ್ಷ್ಯ ಎಂದರೆ ಯಾವುದು ಎಂದು ಯೋಚಿಸುವಾಗ ನನಗೆ ನೆನಪಾಗುವವರು ಲಂಡನ್ನಿನ ಇಬ್ಬರು ಕಾನೂನು ಪ್ರಾಧ್ಯಾಪಕರು. ಸಾಕ್ಷ್ಯವೆಂದರೇನು ಎಂಬುದನ್ನು ವೃತ್ತಿಯಿಂದಲೇ ಬಲ್ಲವರು. ಅವರ ವಿಷಯದಲ್ಲಿಯೇ ಶಿಷ್ಯರು ಎರಡು ಬಗೆಯಾಗಿ ಸಾಕ್ಷಿ ನುಡಿದರು.

ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರಿಗೆ ಬಹುಮಟ್ಟಿಗೆ ಮುಚ್ಚಿದ್ದ ಕಾಲ. ಆಗ 1826ರಲ್ಲಿ ಲಂಡನ್ನಿನಲ್ಲಿ ಒಂದು ಹೊಸ ವಿಶ್ವವಿದ್ಯಾಲಯ ಹುಟ್ಟಿತು. 1828ರ ಅಕ್ಟೋಬರಿನಲ್ಲಿ ಅಲ್ಲಿ ಪಾಠಗಳು ಆರಂಭವಾದವು. ಇಂದಿನ ಯೂನಿವರ್ಸಿಟಿ ಕಾಲೇಜ್ ಅದೇ. ಅಲ್ಲಿ ಕಾನೂನಿಗೆ ಇಬ್ಬರು ಪ್ರಾಧ್ಯಾಪಕರು. ಇಂಗ್ಲೆಂಡಿನ ಕಾನೂನನ್ನು ಕಲಿಸಲು ಆಂಡ್ರ್ಯೂ ಆಮಸ್. ಜ್ಯೂರಿಸ್‌ಪ್ರುಡೆನ್ಸ್ ಕಲಿಸಲು ಜಾನ್ ಆಸ್ಟಿನ್. ಈ ಜ್ಯೂರಿಸ್‌ಪ್ರುಡೆನ್ಸ್ ಎಂಬುದನ್ನು ನಾವು ನ್ಯಾಯಶಾಸ್ತ್ರ ಎನ್ನುತ್ತೇವೆ. ಹಾಗೆಂದ ಕೂಡಲೆ ಹಳಬರಿಗೆ ಗೌತಮನ ತರ್ಕಸೂತ್ರಗಳು ನೆನಪಾಗುತ್ತವೆ. ಆಸ್ಟಿನ್ನನ ಮಟ್ಟಿಗೆ ಈ ಗೊಂದಲವೂ ಅಷ್ಟೇನೂ ತಪ್ಪಲ್ಲ. ಅವನು ಕಲಿಸಿದ್ದು ಕಾನೂನುಗಳನ್ನಲ್ಲ, ಕಾನೂನು ಎಂಬ ಮಾತಿನ ಅರ್ಥವನ್ನು.

ಆಮಸ್ ಜನಪ್ರಿಯ ಅಧ್ಯಾಪಕ. ದಿನವೆಲ್ಲ ಕಚೇರಿಗಳಲ್ಲಿ ದುಡಿಯುವ ಅಟಾರ್ನಿ ಗುಮಾಸ್ತರಿಗೂ ಬ್ಯಾರಿಸ್ಟರ್ ಆಗಬೇಕೆನ್ನುವವರಿಗೂ ಒಟ್ಟಿಗೆ ಅನುಕೂಲವಾಗುವ ವೇಳೆಯಲ್ಲಿ ಪಾಠ ಇಟ್ಟುಕೊಂಡ. ವಕೀಲಿ ವೃತ್ತಿಯ ಎರಡು ಪಂಗಡಗಳೂ ಒಂದೇ ಬೆಂಚಿನಲ್ಲಿ ಕುಳಿತು ಕಾನೂನು ಕೇಳುವುದು ಆ ದೇಶದಲ್ಲಿ ಹೊಸ ಸಂಗತಿ. ಅವನ ತರಗತಿಯಲ್ಲಿ ಕೆಲವೊಮ್ಮೆ 150 ಮಂದಿಯವರೆಗೂ ಇರುತ್ತಿದ್ದರಂತೆ. ಪ್ರಬಂಧಕ್ಕೆ ವಿಷಯ ಕೊಡುವುದು, ಪದೇ ಪದೇ ಪರೀಕ್ಷೆ ಇಡುವುದು, ಬಹುಮಾನ ಹಂಚುವುದು, ಪಾಠ ಮುಗಿದ ಮೇಲೂ ನಿಂತು ಸಲಿಗೆಯಿಂದ ಮಾತಾಡುವುದು ಅವನ ಪದ್ಧತಿ. ಕೊನೆಗೆ ಶಿಷ್ಯರೆಲ್ಲ ಸೇರಿ ಅವನ ಎದೆಮಟ್ಟದ ಪ್ರತಿಮೆಯೊಂದನ್ನು ಮಾಡಿಸಿ ಕಾಲೇಜಿಗೆ ಅರ್ಪಿಸಿದರು. ಮುಂದೆ 1837ರ ಸುಮಾರಿಗೆ ಆಮಸ್ ಮೆಕಾಲೆಯ ತರುವಾಯ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ಲನ ಮಂಡಲಿಗೆ ಕಾನೂನು ಸದಸ್ಯನಾಗಿ ಬಂದ. ಹಿಂದಿರುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದ. ಶಿಷ್ಯರು ಪ್ರತಿಮೆ ಮಾಡಿಸಿದ್ದು ಬರಿಯ ಮುಖಸ್ತುತಿ ಎಂದು ನಾನು ತಿಳಿಯುವುದಿಲ್ಲ. ದುಡಿದು ದಣಿದ ಗುಮಾಸ್ತ ಕೈಯಿಂದ ಶುಲ್ಕ ಕೊಟ್ಟು ವರ್ಷವಿಡೀ ಬಂದು ಕುಳಿತನೆಂದರೆ ಅದೇ ದೊಡ್ಡ ಸಾಕ್ಷ್ಯ.

ಆಸ್ಟಿನ್ನನ ಕತೆ ಬೇರೆ. 1790ರಲ್ಲಿ ಸಫಕ್ ಪ್ರಾಂತದಲ್ಲಿ ಹುಟ್ಟಿದ, ಹದಿಹರೆಯದಲ್ಲಿ ಸೈನ್ಯಕ್ಕೆ ಸೇರಿ ಕೆಲವು ವರ್ಷ ಮಾಲ್ಟಾ, ಸಿಸಿಲಿಗಳಲ್ಲಿದ್ದ, ಬಂದು ವಕೀಲನಾದ, ವಕೀಲಿ ಹತ್ತಲಿಲ್ಲ. ಒಂದು ಕರಡು ಬರೆಯಲು ಕೂತರೆ ಅದರ ಪ್ರತಿಯೊಂದು ಪದವನ್ನೂ ತೂಗಿ ನೋಡುವ ಮನುಷ್ಯನಿಗೆ ಕಕ್ಷಿಗಾರರು ಎಷ್ಟು ದಿನ ಕಾದಾರು? ಮನೆ ವೆಸ್ಟ್‌ಮಿನ್‌ಸ್ಟರ್‌ನ ಕ್ವೀನ್ ಸ್ಕ್ವೇರಿನಲ್ಲಿ. ನೆರೆಯವರು ಜೆರೆಮಿ ಬೆಂಥಮ್, ಜೇಮ್ಸ್ ಮಿಲ್. ಆ ನೆರೆಯ ಬಲದಿಂದಲೇ ಹೊಸ ವಿಶ್ವವಿದ್ಯಾಲಯದ ಪೀಠ ದೊರೆಯಿತು. ನೇಮಕವಾದ ಕೂಡಲೆ ಪಾಠ ಶುರುಮಾಡುವ ಜಾಯಮಾನ ಅವನದಲ್ಲ. ಹೆಂಡತಿ ಸಾರಾಳನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಜರ್ಮನಿಯ ಬಾನ್ ಪಟ್ಟಣಕ್ಕೆ ಹೋಗಿ, ಜರ್ಮನ್ ಭಾಷೆ ಕಲಿತು, ಅಲ್ಲಿಯ ಪಂಡಿತರು ರೋಮನ್ ಕಾನೂನನ್ನು ಹೇಗೆ ಅಡುಕಿ ಜೋಡಿಸುತ್ತಾರೆಂದು ನೋಡಿಕೊಂಡು ಬಂದ. ಪಾಠ ಹೇಳುವುದಕ್ಕೆ ಮುನ್ನ ಇಷ್ಟು ಸಿದ್ಧತೆ ಮಾಡಿಕೊಂಡ ಅಧ್ಯಾಪಕರು ನಮ್ಮಲ್ಲಿ ಎಷ್ಟು ಜನವೋ ನಾನರಿಯೆ.

ಮೊದಲ ತರಗತಿಗೆ ಅವನು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಅದೂ ಎಂತಹವರು! ಇಪ್ಪತ್ತೆರಡರ ಜಾನ್ ಸ್ಟುವರ್ಟ್ ಮಿಲ್. ಮುಂದೆ ‘ಮಾಸ್ಟರ್ ಆಫ್ ದಿ ರೋಲ್ಸ್’ ಎಂಬ ದೊಡ್ಡ ನ್ಯಾಯಪದವಿಗೇರಿದ ಜಾನ್ ರೋಮಿಲಿ. ಮುಂದೆ ಹಣಕಾಸಿನ ಮಂತ್ರಿ, ಗೃಹಮಂತ್ರಿ, ಯುದ್ಧಮಂತ್ರಿಯಾದ ಜಾರ್ಜ್ ಕಾರ್ನ್‌ವಾಲ್ ಲೂಯಿಸ್. ಆದರೆ ವರ್ಷದಿಂದ ವರ್ಷಕ್ಕೆ ಬೆಂಚುಗಳು ಬರಿದಾಗುತ್ತ ಬಂದವು. ಪೀಠಕ್ಕೆ ನಿಶ್ಚಿತವಾದ ಸಂಬಳವಿಲ್ಲ. ವಿದ್ಯಾರ್ಥಿಗಳ ಶುಲ್ಕವೇ ಅನ್ನ. 1832ರ ಜೂನಿನಲ್ಲಿ ಆಸ್ಟಿನ್ ಕೊನೆಯ ಪಾಠ ಹೇಳಿ ನಿಲ್ಲಿಸಿದ. ಅದೇ ವರ್ಷ ಪೀಠಿಕೆಯ ಉಪನ್ಯಾಸಗಳಷ್ಟನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಆಗ ಅದನ್ನು ಕೊಂಡು ಓದಿದವರು ವಿರಳ.

ಆ ತರಗತಿ ಏಕೆ ಬರಿದಾಯಿತು? ಉಪನ್ಯಾಸಗಳನ್ನು ಈಗ ಓದಿದರೂ ಕಾರಣ ತಿಳಿಯುತ್ತದೆ. ಒಂದು ಮಾತು ಹೇಳಿ, ಅದಕ್ಕೊಂದು ಅಪವಾದ ಹೇಳಿ, ಅಪವಾದದ ಎಲ್ಲೆ ಗುರುತಿಸಿ, ಮತ್ತೆ ಮೊದಲ ಮಾತಿಗೆ ಬಂದು ಅದನ್ನೇ ಎರಡನೆಯ ಸಲ, ಒಂದು ಪದವೂ ಬದಲಾಗದಂತೆ ಹೇಳುವುದು ಅವನ ಕ್ರಮ. ಸರ್ವನಾಮವನ್ನು ಬಳಸಿದರೆ ಅರ್ಥ ಜಾರೀತೆಂದು ನಾಮಪದವನ್ನೇ ತಿರುತಿರುಗಿ ಬಳಸುತ್ತಾನೆ. ಪರೀಕ್ಷೆಗೆ ಉಪಯೋಗವಿಲ್ಲ, ಕೋರ್ಟಿನಲ್ಲಿ ಉಪಯೋಗವಿಲ್ಲ, ಕೇಳಲು ಇಂಪಿಲ್ಲ. ಬಿಟ್ಟುಹೋದವರನ್ನು ದಡ್ಡರೆನ್ನಲು ನನಗೆ ಮನಸ್ಸು ಬಾರದು. ಅವರದೂ ಒಂದು ಸಾಕ್ಷ್ಯವೇ, ಪ್ರಾಮಾಣಿಕವಾದ ಸಾಕ್ಷ್ಯ. ಪರಿವ್ರಾಜಿಕೆಯ ಎರಡನೆಯ ಗುಣ, ದಾಟಿಸುವ ಶಕ್ತಿ, ಈತನಲ್ಲಿ ಕಡಿಮೆಯಿತ್ತು ಎಂಬುದೇ ಅವರ ಮೌನದ ಅರ್ಥ.

ಹಾಗೆಂದು ಅವನು ವಿದ್ಯಾರ್ಥಿಗಳನ್ನು ಕಡೆಗಣಿಸಿದವನಲ್ಲ. ತನ್ನ ಮಾತಿಗೆ ವಿವರಣೆ ಕೇಳಿ, ಆಕ್ಷೇಪ ಎತ್ತಿ, ತನ್ನನ್ನು ಬಿಡದೆ ಪೀಡಿಸಿ, ಅದೇ ನೀವು ನನಗೆ ಮಾಡಬಹುದಾದ ಉಪಕಾರ ಎಂದು ತರಗತಿಯನ್ನು ಬೇಡಿಕೊಂಡ ಅಧ್ಯಾಪಕ ಅವನು. ಇದು ನಯದ ಮಾತಾಗಿರಲಿಲ್ಲ. ತನಗೆ ಗೊತ್ತಿರುವುದು ನಿಜವಾಗಿಯೂ ಗೊತ್ತಿದೆಯೇ ಎಂಬ ಸಂಶಯ ಅವನನ್ನು ಹಗಲಿರುಳು ಕಾಡುತ್ತಿತ್ತು. ಒಳ್ಳೆಯ ಅಧ್ಯಾಪಕನಿಗೆ ಈ ಸಂಶಯ ಸ್ವಲ್ಪ ಇರಬೇಕು. ಆಸ್ಟಿನ್ನನಲ್ಲಿ ಅದು ರೋಗದಷ್ಟಿತ್ತು.

ಪೀಠ ಹೋದ ಮೇಲಿನ ಬದುಕನ್ನು ಬೇಗ ಹೇಳಿಬಿಡಬಹುದು. 1833ರಲ್ಲಿ ಅಪರಾಧ ಕಾನೂನಿನ ಆಯೋಗಕ್ಕೆ ಸದಸ್ಯನಾದ. ವಿಚಿತ್ರವೆಂದರೆ ಆಮಸ್ ಕೂಡ ಅದೇ ಆಯೋಗದಲ್ಲಿದ್ದ. ಆಯೋಗದ ಕೆಲಸದ ರೀತಿ ಹಿಡಿಸದೆ ಆಸ್ಟಿನ್ ಹೊರಬಂದ. 1834ರಲ್ಲಿ ಇನ್ನರ್ ಟೆಂಪಲ್‌ನಲ್ಲಿ ಮತ್ತೊಮ್ಮೆ ಉಪನ್ಯಾಸಕ್ಕೆ ನಿಂತ. ಅಲ್ಲಿಯೂ ಕೇಳುವವರಿಲ್ಲದೆ ಅದು ನಿಂತುಹೋಯಿತು. 1836ರಲ್ಲಿ ಮಾಲ್ಟಾ ದ್ವೀಪದ ಆಡಳಿತ ಪರಿಶೀಲನೆಗೆ ಇಬ್ಬರು ಕಮಿಷನರುಗಳನ್ನು ಕಳುಹಿಸಿದರು: ಒಬ್ಬ ಜಾನ್ ಆಸ್ಟಿನ್, ಇನ್ನೊಬ್ಬ ಅವನ ಹಳೆಯ ವಿದ್ಯಾರ್ಥಿ ಕಾರ್ನ್‌ವಾಲ್ ಲೂಯಿಸ್. ಗುರುಶಿಷ್ಯರು ಒಂದೇ ಮೇಜಿನ ಎರಡು ಬದಿಗೆ ಕುಳಿತು ಒಂದೇ ವರದಿಗೆ ರುಜು ಹಾಕಿದರು. ಅಲ್ಲಿ ಪತ್ರಿಕೆಗಳ ಮೇಲಿದ್ದ ಮುಂಗಡ ತಪಾಸಣೆ 1839ರಲ್ಲಿ ತೊಲಗಿದ್ದರ ಹಿಂದೆ ಇವರ ಕೆಲಸವಿತ್ತು. ಅನಂತರ ಆಸ್ಟಿನ್ ದಂಪತಿಗಳು ಜರ್ಮನಿಯಲ್ಲಿ, ಪ್ಯಾರಿಸ್ಸಿನಲ್ಲಿ ಇದ್ದು, 1848ರ ಕ್ರಾಂತಿಯಾದಾಗ ಇಂಗ್ಲೆಂಡಿಗೆ ಮರಳಿ ವೇಬ್ರಿಜ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಸಾರಾ ಜರ್ಮನ್, ಫ್ರೆಂಚ್ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿ ಹೆಸರು ಮಾಡಿದವಳು. ಮನೆಯ ಖರ್ಚಿಗೂ ಆ ಲೇಖನಿಯೇ ಆಸರೆ. 1859ರ ಡಿಸೆಂಬರಿನಲ್ಲಿ ಆಸ್ಟಿನ್ ತೀರಿಕೊಂಡ. 1832ರ ಪುಸ್ತಕ ಬಹಳ ಹಿಂದೆಯೇ ಮುಗಿದುಹೋಗಿತ್ತು; ಮರುಮುದ್ರಿಸಿ ಎಂದು ಕೇಳಿದವರಿದ್ದರೂ, ತಿದ್ದದೆ ಕೊಡಲಾರೆ ಎಂದು ಕೊಡದೆಯೇ ಹೋದ.

ಇನ್ನು ಸಾಕ್ಷಿಗಳ ಮಾತು. ಮುಖ್ಯ ಸಾಕ್ಷಿ ಜಾನ್ ಸ್ಟುವರ್ಟ್ ಮಿಲ್. ಈತ ಆಸ್ಟಿನ್ನನ ಶಿಷ್ಯನಾದದ್ದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಅದಕ್ಕಿಂತ ಮೊದಲು. 1821-22ರ ಚಳಿಗಾಲದಲ್ಲಿ, ಹದಿನೈದು ವರ್ಷದ ಹುಡುಗನಾಗಿದ್ದಾಗ, ತಂದೆ ಅವನನ್ನು ನೆರೆಮನೆಯ ಆಸ್ಟಿನ್ನನ ಬಳಿಗೆ ರೋಮನ್ ಕಾನೂನು ಓದಲು ಕಳುಹಿಸಿದ್ದ. ಆಗ ಸಾರಾ ಈ ಹುಡುಗನಿಗೆ ಜರ್ಮನ್ ಕಲಿಸಿದಳು. ಮುಂದೆ ಕಾಲ ಬದಲಾಯಿತು. ಸಾರಾಳಿಗೂ ಮಿಲ್‌ಗೂ ಹಳೆಯ ಸಲಿಗೆ ಉಳಿಯಲಿಲ್ಲ. ಆಸ್ಟಿನ್ ವಯಸ್ಸಾದಂತೆ ಬದಲಾವಣೆಗೆ ಅಂಜುವವನಾದ; ಪಾರ್ಲಿಮೆಂಟಿನ ಮತಾಧಿಕಾರವನ್ನು ಇನ್ನಷ್ಟು ವಿಸ್ತರಿಸಕೂಡದೆಂದು 1859ರಲ್ಲಿ, ಸಾಯುವ ವರ್ಷ, ಒಂದು ಕಿರುಹೊತ್ತಗೆ ಬರೆದ. ಮಿಲ್ ಸುಮ್ಮನಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ನಲ್ಲಿ ಗುರುವಿನ ಆ ಹೊತ್ತಗೆಯನ್ನು ವಿಮರ್ಶಿಸಿ, ತನ್ನ ಭಿನ್ನಮತವನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಗುರು ಆಗ ಬದುಕಿದ್ದ.

ಈ ವಿವರವನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಗುರುವಿನ ಎದುರಿಗೆ ಆಗುವುದಿಲ್ಲ ಎನ್ನಬಲ್ಲ ಶಿಷ್ಯ ಮಾತ್ರ ಹೌದು ಎಂದಾಗ ಅದಕ್ಕೆ ಬೆಲೆ. ನಮ್ಮಲ್ಲಿ ಗುರುಭಕ್ತಿ ಹೆಚ್ಚು, ಆದ್ದರಿಂದಲೇ ಗುರುಗಳ ಪರವಾದ ಸಾಕ್ಷ್ಯ ನೀರಾಗಿರುತ್ತದೆ. ಗುರುವಿನ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದವನನ್ನು ದ್ರೋಹಿ ಎಂದು ಕರೆಯುವ ಸಭೆಗಳಲ್ಲಿ ನಾನು ಕುಳಿತಿದ್ದೇನೆ.

ಗಂಡ ಸತ್ತಾಗ ಸಾರಾಳಿಗೆ 66 ವರ್ಷ. ದೇಹದಲ್ಲಿ ಶಕ್ತಿಯಿರಲಿಲ್ಲ. ಪೆಟ್ಟಿಗೆಯಲ್ಲಿ ಮೂವತ್ತು ವರ್ಷದ ಹಿಂದಿನ ಉಪನ್ಯಾಸಗಳ ಹಸ್ತಪ್ರತಿ: ಅಲ್ಲಲ್ಲಿ ಹರಿದ ವಾಕ್ಯ, ಅಂಚಿನಲ್ಲಿ ಟಿಪ್ಪಣಿ, ಟಿಪ್ಪಣಿಯ ಮೇಲೆ ಟಿಪ್ಪಣಿ. 1861ರಲ್ಲಿ ಹಳೆಯ ಪುಸ್ತಕವನ್ನು ಮರುಮುದ್ರಿಸಿದಳು; 1863ರಲ್ಲಿ ಉಳಿದ ಉಪನ್ಯಾಸಗಳನ್ನು ಸೇರಿಸಿ ಹೊರತಂದಳು. ಅದಕ್ಕೆ ಆಕೆ ಬರೆದ ಮುನ್ನುಡಿ ಗಂಡನ ಸೋಲುಗಳನ್ನು ಒಂದನ್ನೂ ಅಡಗಿಸದ ಬರಹ. ಅದನ್ನು ಓದುವಾಗ ನನಗೆ ಇದು ಹೆಂಡತಿಯ ಬರಹವೋ, ಅತ್ಯಂತ ನಿಷ್ಠೆಯ ವಿದ್ಯಾರ್ಥಿನಿಯ ಬರಹವೋ ಎಂಬ ಅನುಮಾನ ಬರುತ್ತದೆ. ಕಾನೂನು ಕಾಲೇಜಿನ ಮೆಟ್ಟಿಲನ್ನೇ ಹತ್ತಲು ಅವಕಾಶವಿಲ್ಲದ ಹೆಣ್ಣುಮಗಳು ಇಂಗ್ಲೆಂಡಿನ ಅತ್ಯಂತ ಕಠಿಣವಾದ ಕಾನೂನು ಗ್ರಂಥವನ್ನು ಸಂಪಾದಿಸಿ ಕೊಟ್ಟಳು ಎಂಬುದನ್ನು ಪಠ್ಯಕ್ರಮದವರು ಹೇಳುವುದು ಕಡಿಮೆ.

ಮಿಲ್ ಆ ವರ್ಷದ ಅಕ್ಟೋಬರಿನಲ್ಲಿಯೇ ‘ಎಡಿನ್‌ಬರೋ ರಿವ್ಯೂ’ನಲ್ಲಿ ದೀರ್ಘವಾದ ವಿಮರ್ಶೆ ಬರೆದ. ಅದರಲ್ಲಿ ಅಳು ಇಲ್ಲ, ಹೊಗಳಿಕೆಯ ಉಕ್ಕು ಇಲ್ಲ. ಆಸ್ಟಿನ್ ಏನು ಮಾಡಿದ ಎಂಬುದನ್ನು ಒಂದೊಂದಾಗಿ ವಿವರಿಸುತ್ತಾನೆ. ಹಕ್ಕು, ಕರ್ತವ್ಯ, ಆಜ್ಞೆ, ಸ್ವಾಮ್ಯ ಮೊದಲಾದ, ಎಲ್ಲರ ಬಾಯಲ್ಲಿಯೂ ಇದ್ದು ಯಾರಿಗೂ ಸ್ಪಷ್ಟವಾಗಿರದ ಪದಗಳ ಗಂಟುಗಳನ್ನು ಬಿಚ್ಚುವುದು ಆ ಅಧ್ಯಾಪಕನ ಕೆಲಸವಾಗಿತ್ತು. ಹಾಗೆ ಬಿಚ್ಚುವುದನ್ನು ನೋಡುತ್ತ ಕುಳಿತವನ ಬುದ್ಧಿಗೂ ಆ ಅಭ್ಯಾಸ ಹತ್ತುತ್ತಿತ್ತು. ಎಲ್ಲಿ ತಾನು ಒಪ್ಪುವುದಿಲ್ಲವೋ ಅಲ್ಲಿ ಮಿಲ್ ಅದನ್ನೂ ಹೇಳುತ್ತಾನೆ. 1873ರಲ್ಲಿ ಮಿಲ್ ತೀರಿಕೊಂಡ ಮೇಲೆ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಗುರುವಿನ ಶೀಲದ ಚಿತ್ರ ಬರುತ್ತದೆ: ಉದಾತ್ತ ಮನಸ್ಸು, ಜಗತ್ತು ಇರಬೇಕಾದಂತೆ ಇಲ್ಲವೆಂಬ ಅಸಮಾಧಾನ, ಕೆಲಸವನ್ನು ಮುಗಿಸಲು ಬಿಡದ ಅತಿಯಾದ ಎಚ್ಚರ, ಆ ಎಚ್ಚರದಿಂದ ಕಾಯಿಲೆ ಬೀಳುವಷ್ಟು ಸ್ವಭಾವದ ದೌರ್ಬಲ್ಯ. ಬರೆದದ್ದು ಸ್ವಲ್ಪವಾದರೂ ಮಾತಿನಿಂದ ಹಲವರ ಮನಸ್ಸನ್ನು ತಿದ್ದಿದ ಎಂದು ಅಲ್ಲಿಯ ಅಭಿಪ್ರಾಯ. ಗುಣದೋಷಗಳೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ನನಗೆ ಗುಣದ ಮೇಲೆ ನಂಬಿಕೆ ಹುಟ್ಟುತ್ತದೆ.

ಆದರೆ ಇವೆರಡಕ್ಕಿಂತ ದೊಡ್ಡ ಸಾಕ್ಷ್ಯವನ್ನು ಮಿಲ್ ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದ. ಆಸ್ಟಿನ್ನನ ತರಗತಿಯಲ್ಲಿ ಕುಳಿತು ಬರೆದುಕೊಂಡ ಟಿಪ್ಪಣಿಗಳು! ಸುಮಾರು ನಲವತ್ತು ವರ್ಷ ಅವುಗಳನ್ನು ಕಳೆಯದೆ ಕಾಪಾಡಿದ್ದ. ಈ ಅವಧಿಯಲ್ಲಿ ಮಿಲ್ ಇಂಡಿಯಾ ಹೌಸಿನಲ್ಲಿ ನಮ್ಮ ದೇಶೀಯ ಸಂಸ್ಥಾನಗಳ ಕಾಗದಪತ್ರ ನೋಡುತ್ತಿದ್ದ, ತರ್ಕಶಾಸ್ತ್ರ, ಅರ್ಥಶಾಸ್ತ್ರಗಳ ಮೇಲೆ ದೊಡ್ಡ ಗ್ರಂಥಗಳನ್ನು ಬರೆದ, ಪಾರ್ಲಿಮೆಂಟಿನ ಸದಸ್ಯನಾದ. ಅಷ್ಟೆಲ್ಲ ಗಡಿಬಿಡಿಯಲ್ಲಿಯೂ ಯೌವನದ ತರಗತಿಯ ಹಾಳೆಗಳು ಉಳಿದಿದ್ದವು. 1867ರಲ್ಲಿ ಸಾರಾ ತೀರಿಕೊಂಡಳು. ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ವಕೀಲ ಉಪನ್ಯಾಸಗಳ ಹೊಸ ಆವೃತ್ತಿಯನ್ನು ಸಿದ್ಧಮಾಡುವಾಗ ಆ ಟಿಪ್ಪಣಿಗಳು ಅವನ ಕೈಸೇರಿದವು. ಹಸ್ತಪ್ರತಿಯಲ್ಲಿ ಬಿಟ್ಟುಹೋಗಿದ್ದ ಕಡೆ, ತಡವರಿಸಿದ್ದ ಕಡೆ, ಆಸ್ಟಿನ್ ಪಾಠ ಹೇಳುವಾಗ ಬಾಯಿಮಾತಿನಲ್ಲಿ ಏನೆಂದಿದ್ದ ಎಂಬುದು ಶಿಷ್ಯನ ಬರಹದಿಂದ ತಿಳಿಯಿತು. ಆಸ್ಟಿನ್ನನ ಕೃತಿ ಪೂರ್ತಿಯಾದದ್ದು ಹೀಗೆ. ತಾನು ದಾಟಿಸಲಾರೆ ಎಂದು ಕೊರಗಿ ಸತ್ತ ಅಧ್ಯಾಪಕನ ಮಾತು ಒಬ್ಬನಿಗಾದರೂ ಅಕ್ಷರಶಃ ದಾಟಿತ್ತು.

ಆಮಸ್‌ನ ಶಿಷ್ಯರು ಸೇರಿ ಕೊಟ್ಟ ಪ್ರತಿಮೆಯನ್ನೂ ಒಬ್ಬ ಶಿಷ್ಯ ಕಾದಿಟ್ಟ ನೋಟ್‌ಬುಕ್ಕನ್ನೂ ತಕ್ಕಡಿಯಲ್ಲಿ ಇಟ್ಟರೆ ಯಾವುದು ಭಾರ? ನಾನು ಮೂರು ದಶಕಕ್ಕೂ ಹೆಚ್ಚು ಕಾಲ ಹಳಗನ್ನಡ ಪಾಠ ಹೇಳಿದವನು. ಸಹಜವಾಗಿಯೇ ನೋಟ್‌ಬುಕ್ಕಿನ ಕಡೆಗೆ ವಾಲುತ್ತೇನೆ. ಪಂಪನ ಒಂದು ಸಮಾಸ ಬಿಡಿಸುವಾಗ ತರಗತಿಯಲ್ಲಿ ಐವತ್ತು ಜನರಿದ್ದರೂ ಪೆನ್ನು ಆಡುವುದು ಎರಡು ಮೂರು ಕೈಗಳಲ್ಲಿ ಮಾತ್ರ ಎಂಬುದು ನನಗೆ ಗೊತ್ತು. ಆದರೂ ಒಂದು ಮಾತನ್ನು ಒಪ್ಪಬೇಕು. ಮಿಲ್‌ನಂತಹ ಒಬ್ಬ ಶಿಷ್ಯ ಸಿಕ್ಕಿದ್ದು ಆಸ್ಟಿನ್ನನ ಭಾಗ್ಯ, ಅವನ ಸಾಮರ್ಥ್ಯವೆಂದು ಪೂರ್ತಿ ಹೇಳುವಂತಿಲ್ಲ. ಮಿಲ್ ಯಾರ ಬಳಿ ಕುಳಿತಿದ್ದರೂ ಮಿಲ್‌ನೇ ಆಗುತ್ತಿದ್ದ. ಹೆಸರಿಲ್ಲದ ನೂರಾರು ಗುಮಾಸ್ತರು ಆಮಸ್‌ನ ಪಾಠದಿಂದ ಜೀವನದಲ್ಲಿ ಒಂದು ಮೆಟ್ಟಿಲು ಮೇಲೇರಿದ್ದರೆ, ಅವರು ಆತ್ಮಚರಿತ್ರೆ ಬರೆಯಲಿಲ್ಲವೆಂಬ ಕಾರಣಕ್ಕೆ ಅವರ ಸಾಕ್ಷ್ಯ ಹಗುರವಾಗುವುದಿಲ್ಲ. ಚರಿತ್ರೆ ಬರೆಯಬಲ್ಲ ಶಿಷ್ಯರಿರುವ ಗುರುಗಳೇ ಚರಿತ್ರೆಯಲ್ಲಿ ಉಳಿಯುತ್ತಾರೆ. ಇದರಲ್ಲಿ ಒಂದಷ್ಟು ಅನ್ಯಾಯವೂ ಇದೆ.

ಮುಂದೆ ನಡೆದುದು ನಮ್ಮ ದೇಶಕ್ಕೂ ಸೇರಿದ ಕತೆ. ನಮ್ಮಲ್ಲಿ 1862ರಿಂದ 1869ರವರೆಗೆ ವೈಸರಾಯನ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿದ್ದ ಹೆನ್ರಿ ಮೇನ್ 1875ರ ತನ್ನ ಗ್ರಂಥದಲ್ಲಿ ಆಸ್ಟಿನ್ನನ ವಾದವನ್ನು ಗೌರವದಿಂದ ಎತ್ತಿಕೊಂಡು, ಪಂಜಾಬಿನ ರಣಜಿತ್ ಸಿಂಗನನ್ನು ಎದುರಿಗೆ ತಂದು ನಿಲ್ಲಿಸಿದ. ಕಾನೂನೆಂದರೆ ಸಾರ್ವಭೌಮನ ಆಜ್ಞೆ ಎನ್ನುತ್ತೀರಿ. ಈ ಸಾರ್ವಭೌಮ ಜೀವಮಾನದಲ್ಲಿ ಒಂದು ಕಾನೂನನ್ನೂ ಮಾಡಲಿಲ್ಲವಲ್ಲ, ಅವನ ಪ್ರಜೆಗಳು ನಡೆಯುತ್ತಿದ್ದುದು ಹಳೆಯ ಕಟ್ಟಳೆಗಳಂತೆ ಅಲ್ಲವೆ? ಇದು ಮೇನ್‌ನ ಆಕ್ಷೇಪ. 1954ರಲ್ಲಿ ಆಕ್ಸ್‌ಫರ್ಡಿನ ಹಾರ್ಟ್ ಆಸ್ಟಿನ್ನನ ಪುಸ್ತಕವನ್ನು ಮತ್ತೆ ಸಂಪಾದಿಸಿದ. 1961ರ ತನ್ನ ಗ್ರಂಥದಲ್ಲಿ ಅದೇ ವಾದವನ್ನು ಬುಡಮಟ್ಟ ಖಂಡಿಸಿಯೇ ತನ್ನ ಸಿದ್ಧಾಂತ ಕಟ್ಟಿದ. ಆಕ್ಷೇಪ ಎತ್ತಿ ನನ್ನನ್ನು ಪೀಡಿಸಿ ಎಂದು ಅವನು ಖಾಲಿ ಬೆಂಚುಗಳನ್ನು ಬೇಡಿಕೊಂಡಿದ್ದನಷ್ಟೆ. ಆ ಬೇಡಿಕೆಯನ್ನು ಈಡೇರಿಸಿದವರು ಇವರು. ಬೆಳಗಾವಿಯ ಕಾನೂನು ಕಾಲೇಜಿನಲ್ಲಿ ಓದಿದ ನನ್ನ ಮಿತ್ರರೊಬ್ಬರು, ಆಸ್ಟಿನ್ ಎಂದರೆ ನಮಗೆ ಹತ್ತು ಅಂಕದ ಒಂದು ಪ್ರಶ್ನೆ, ಅದರಲ್ಲಿ ಐದು ಅಂಕ ಅವನನ್ನು ಖಂಡಿಸಿದ್ದಕ್ಕೆ ಎನ್ನುತ್ತಾರೆ.

ಆಂಡ್ರ್ಯೂ ಆಮಸ್ 1860ರಲ್ಲಿ ತೀರಿಕೊಂಡ. ಅವನ ಮಗ ಶೆಲ್ಡನ್ ಆಮಸ್ ಕೂಡ ಕಾನೂನು ಪಂಡಿತನಾದ. ಯೂನಿವರ್ಸಿಟಿ ಕಾಲೇಜಿನಲ್ಲಿ ಜ್ಯೂರಿಸ್‌ಪ್ರುಡೆನ್ಸ್‌ನ ಪೀಠಕ್ಕೆ, ಅಂದರೆ ಆಸ್ಟಿನ್ ಕೇಳುವವರಿಲ್ಲದೆ ಬಿಟ್ಟುಹೋದ ವಿಷಯವನ್ನೇ ಕಲಿಸಲು, 1869ರಲ್ಲಿ ಅವನನ್ನು ಆರಿಸಿದರು. ಮಿಲ್‌ನ ಟಿಪ್ಪಣಿಗಳನ್ನು ಒಳಗೊಂಡ ಕ್ಯಾಂಪ್‌ಬೆಲ್‌ನ ಆವೃತ್ತಿ ಅಚ್ಚಾಗಿ ಬಂದದ್ದೂ ಅದೇ ವರ್ಷ.